ಸಂಖ್ಯೆ ಅದೇ, ದಾರ ಬೇರೆ: ಕ್ರಾಸ್ ಸ್ಟಿಚ್ ಮಾಡುವವರು ದಯವಿಟ್ಟು ಓದಿ

ವಾಟ್ಸಾಪ್ ಮೂಲಕ ಕಸೂತಿ ದಾರ ತರಿಸುವವರು, ಅದರಲ್ಲೂ ಡಿಎಂಸಿ ಎಂಬ ದಾರದ ಕಂಪನಿಯ ಹೆಸರು ಹಿಡಿದು ‘ಡಿಎಂಸಿ ಶೇಡ್’, ‘ಡಿಎಂಸಿ ನಂಬರ್’ ಎಂದು ಅಗ್ಗವಾಗಿ ಸಿಗುವ ಲಡಿಗಳನ್ನು ಕೊಳ್ಳಲು ಹೊರಟವರು, ಹಣ ಕಳುಹಿಸುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಹಣ ಹೋಯಿತು, ಅದು ದೊಡ್ಡದಲ್ಲ. ತಿಂಗಳುಗಟ್ಟಲೆ ಕುಳಿತು ಹಾಕಿದ ಹೊಲಿಗೆ ಹೋಯಿತು, ನೆಂಟರ ಎದುರು ಮರ್ಯಾದೆ ಹೋಯಿತು. ಅದನ್ನು ಯಾರು ತುಂಬಿಕೊಡುತ್ತಾರೆ?

ನಾದಿನಿಯ ಗೃಹಪ್ರವೇಶಕ್ಕೆ ಕೊಡಲೆಂದು ಬಿಳಿಯ 14 ಕೌಂಟ್ ಐಡಾ ಬಟ್ಟೆಯ (ಇಂಚಿಗೆ ಹದಿನಾಲ್ಕು ಚೌಕಗಳಿರುವ ನೇಯ್ಗೆ) ಮೇಲೆ ಕ್ರಾಸ್ ಸ್ಟಿಚ್‌ನಲ್ಲಿ, ಅಂದರೆ ಗುಣಾಕಾರ ಚಿಹ್ನೆಯಂಥ ಹೊಲಿಗೆಯಲ್ಲಿ, ಕೆಂಪು ಗುಲಾಬಿಗಳ ಗೊಂಚಲೊಂದನ್ನು ಹೊಲಿಯುತ್ತಿದ್ದೆ. ದಳಗಳಿಗೆ 666, 321, 498, 815 ಮತ್ತು 814 ಸಂಖ್ಯೆಯ ಕೆಂಪು ದಾರಗಳು, ಎಲೆಗಳಿಗೆ 3345ರಿಂದ 3348ರವರೆಗಿನ ನಾಲ್ಕು ಹಸಿರುಗಳು ಬೇಕೆಂದು ಚಾರ್ಟಿನಲ್ಲಿ, ಅಂದರೆ ಯಾವ ಚೌಕಕ್ಕೆ ಯಾವ ಬಣ್ಣವೆಂದು ತೋರಿಸುವ ನಕ್ಷೆಯಲ್ಲಿ, ಇತ್ತು. ಇವು ಡಿಎಂಸಿ ಕಂಪನಿಯ ಸಂಖ್ಯೆಗಳೆಂದು ಕ್ರಾಸ್ ಸ್ಟಿಚ್ ಮಾಡುವವರಿಗೆ ಹೇಳಬೇಕಾಗಿಲ್ಲ. 1746ರಲ್ಲಿ, ಈಗ ಫ್ರಾನ್ಸಿನಲ್ಲಿರುವ ಮುಲೂಸ್‌ನಲ್ಲಿ ಆರಂಭವಾದ ಆ ಕಂಪನಿಯ ಸಂಖ್ಯೆಗಳನ್ನೇ ಜಗತ್ತಿನ ಬಹುಪಾಲು ಚಾರ್ಟುಗಳು ಬಳಸುತ್ತವೆ. ಆದರೆ ಸಂಖ್ಯೆ ನೋಡಿ ಬಣ್ಣವನ್ನು ಊಹಿಸಲು ಬರುವುದಿಲ್ಲ. 815 ಗಾಢವಾದ ಕೆಂಪು, 814 ಅದಕ್ಕಿಂತಲೂ ಗಾಢ. ಆದರೆ 321ಕ್ಕಿಂತ 498 ಗಾಢ. ಹೀಗೆ ಕ್ರಮವೆಂಬುದೇ ಇಲ್ಲದಿರುವುದರಿಂದ ಕೊಳ್ಳುವವರು ಲಡಿಯ ಮೇಲಿನ ಚೀಟಿಯನ್ನು ನಂಬಿಯೇ ಸೂಜಿಗೆ ದಾರ ಪೋಣಿಸಬೇಕಾಗುತ್ತದೆ, ಮತ್ತು ಮೋಸ ಮಾಡುವವರಿಗೆ ಅನುಕೂಲವಾಗಿರುವುದೂ ಇದೇ.

ಹಣ ಕಳುಹಿಸುವ ಮೊದಲೇ ನಾನು ವಾಟ್ಸಾಪ್‌ನ ಆ ಮಾರಾಟಗಾರರನ್ನು ಸ್ಪಷ್ಟವಾಗಿ ಕೇಳಿದ್ದೆ: “ಇದು ಡಿಎಂಸಿ ತಾನೇ?” ಉತ್ತರ ಕ್ಷಣದಲ್ಲೇ ಬಂತು: “ಹೌದು ಅಕ್ಕಾ, ಡಿಎಂಸಿ ನಂಬರೇ. ಕಣ್ಣು ಮುಚ್ಚಿ ತಗೊಳ್ಳಿ.” ಆ ‘ನಂಬರೇ’ ಎಂಬುದರಲ್ಲೇ ಎಲ್ಲ ಅಡಗಿತ್ತು ಎಂಬುದು ಲಡಿಗಳು ಮನೆಗೆ ಬಂದು, ಅರ್ಧ ಹೂವು ಮುಗಿದ ಮೇಲೆ ತಿಳಿಯಿತು.

ನಡುವಿನ ದೊಡ್ಡ ಹೂವಿನ ದಳ ಹೊಲಿಯುವಾಗ 321 ಮುಗಿಯಿತು. ಅಷ್ಟು ಬೇಗ ಮುಗಿಯಬಾರದಿತ್ತಲ್ಲ ಎಂದು ಇನ್ನೂ ಬಳಸದ ಬೇರೆ ಬಣ್ಣದ ಒಂದು ಲಡಿಯನ್ನು ಬಿಚ್ಚಿ, ಟೇಪಿನ ಪಕ್ಕದಲ್ಲಿ ಹಿಡಿದು ಅಳೆದೆ. ಎಂಟು ಮೀಟರ್ ಇರಬೇಕಾದ ದಾರ ಏಳು ಮೀಟರ್ ಸಹ ಇರಲಿಲ್ಲ. ಮತ್ತೆ ಅವರಿಂದ ತರಿಸಿ ಕಾಯಲು ಸಮಯವಿಲ್ಲದೆ, ಊರಿನ ಅಂಗಡಿಯಲ್ಲಿ ಕಂಪನಿಯ ಹೆಸರಿರುವ ಒಂದು 321 ಲಡಿಯನ್ನು ಕೊಂಡು ತಂದೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಎನಿಸಿದವು. ಬೆಳಿಗ್ಗೆ ಕಿಟಕಿಯ ಬಳಿ ಹಿಡಿದಾಗ ಒಂದು ಅಚ್ಚ ಕೆಂಪು, ಇನ್ನೊಂದು ಗುಲಾಬಿಯತ್ತ ವಾಲಿದ ಕೆಂಪು. ಎದೆ ಧಸಕ್ಕೆಂದಿತು. ಆಗ ಅನುಮಾನದಿಂದ ಉಳಿದವನ್ನೂ ಬಿಡಿಸಿ ನೋಡಿದರೆ, 3346 ಮತ್ತು 3347 ಎಂದು ಬೇರೆ ಬೇರೆ ಚೀಟಿ ಅಂಟಿಸಿದ್ದ ಹಸಿರುಗಳೆರಡೂ ಒಂದೇ ದಾರ! ಎಲೆಗಳು ಏಕೆ ನಡುನರವಿಲ್ಲದೆ ಚಪ್ಪಟೆಯಾಗಿ ಕಾಣುತ್ತಿವೆಯೆಂದು ಅಷ್ಟು ದಿನ ನನ್ನ ಕಣ್ಣನ್ನೇ ಶಂಕಿಸಿಕೊಂಡಿದ್ದೆ.

ಫೋಟೋ ಸಮೇತ ಕೇಳಿದೆ. ಅವರ ಉತ್ತರಗಳನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಿಮಗೂ ಇವೇ ಬರುತ್ತವೆ. ಮೊದಲನೆಯದು, “ಮೊಬೈಲ್ ಸ್ಕ್ರೀನಿನಲ್ಲಿ ಬಣ್ಣ ಬೇರೆ ಕಾಣುತ್ತೆ ಮೇಡಂ.” ದಾರ ನನ್ನ ಕೈಯಲ್ಲಿದೆ, ಸ್ಕ್ರೀನಿನಲ್ಲಲ್ಲ ಎಂದೆ. “ಡೈ ಲಾಟ್ ವ್ಯತ್ಯಾಸ ಇರುತ್ತೆ ಮೇಡಂ, ಎಲ್ಲ ಕಂಪನಿಯದ್ದೂ ಹಾಗೇ.” ಒಂದೊಂದು ಬಾರಿ ಬಣ್ಣ ಅದ್ದುವಾಗ ಕೂದಲೆಳೆಯಷ್ಟು ವ್ಯತ್ಯಾಸವಾಗುವುದು ನನಗೂ ಗೊತ್ತು, ಆದರೆ ಎರಡು ಸಂಖ್ಯೆಗಳಿಗೆ ಒಂದೇ ದಾರ ಕೊಡುವುದು ಯಾವ ಲಾಟಿನ ವ್ಯತ್ಯಾಸ? ಕೊನೆಗೆ, “ನಾವು ಡಿಎಂಸಿ ಅಂತ ಹೇಳಿಲ್ಲ ಮೇಡಂ, ಡಿಎಂಸಿ ನಂಬರ್ ಅಂದಿದ್ದೀವಿ. ಮೆಸೇಜ್ ನೋಡಿ.” ನೋಡಿದೆ. ನಾನು ಕೇಳಿದ ಪ್ರಶ್ನೆಗೆ ‘ಹೌದು ಅಕ್ಕಾ’ ಎಂದಿರುವುದೂ ಅಲ್ಲೇ ಇದೆ. ಹಣ ಬರುವವರೆಗೆ ಅಕ್ಕ, ಬಂದ ಮೇಲೆ ಮೇಡಂ.

ಬಹಳ ಜಗಳವಾಡಿದ ಮೇಲೆ ಇನ್ನೊಂದು 321 ಲಡಿಯನ್ನು ಕಳುಹಿಸಿದರು. ಅದು ಮೂರನೆಯದೇ ಒಂದು ಕೆಂಪು! ಅದೇ ಸಂಖ್ಯೆ, ಅದೇ ಮಾರಾಟಗಾರರು, ಮೂರನೆಯ ಕೆಂಪು. ಹೊಲಿದದ್ದನ್ನು ಬಿಚ್ಚಿದರೆ ಬಟ್ಟೆಯ ಕಣ್ಣುಗಳೇ ಹಾಳಾಗುವಷ್ಟು ಮುಂದೆ ಹೋಗಿದ್ದರಿಂದ, ದಳದ ಅಂಚಿನಲ್ಲಿ ಹೇಗೋ ಹೊಂದಿಸಿ ಮುಗಿಸಿದೆ.

ಫ್ರೇಮಿಗೆ ಕೊಡುವ ಮೊದಲು ಎಲ್ಲರೂ ಮಾಡುವಂತೆ ತಣ್ಣೀರಿನಲ್ಲಿ ಸೌಮ್ಯವಾದ ಸೋಪು ಹಾಕಿ, ಉಜ್ಜದೆ ಅದ್ದಿದೆ. ನೀರು ಕೆಂಪಾಯಿತು. ಎಷ್ಟು ಬಾರಿ ನೀರು ಬದಲಿಸಿದರೂ ಬಣ್ಣ ಇಳಿಯುತ್ತಲೇ ಇತ್ತು, ಬಿಳಿಯ ಐಡಾ ಹೂವುಗಳ ಸುತ್ತ ಗುಲಾಬಿ ಬಣ್ಣಕ್ಕೆ ತಿರುಗಿತು. ಗೃಹಪ್ರವೇಶದ ದಿನ ಬಂದೇ ಬಿಟ್ಟಿತ್ತು. ಬೇರೆ ಉಡುಗೊರೆ ಸಿದ್ಧವಿರಲಿಲ್ಲ. ನಾದಿನಿ ಪಾಪ, “ಹಿಂದೆ ನೆರಳು ಚೆನ್ನಾಗಿ ಕೊಟ್ಟಿದ್ದೀರಿ ಅತ್ತಿಗೆ” ಎಂದಳು. ಅವಳ ಅತ್ತೆ ಧಾರವಾಡದವರು, ಗವಂತಿ, ಮುರಗಿ, ಮೆಂತಿ ಹೊಲಿಗೆಗಳಲ್ಲಿ ಪಳಗಿದ ಕೈ. ಕಸೂತಿಯ ಮೆಂತಿ ಎಂದರೆ ಕ್ರಾಸ್ ಸ್ಟಿಚ್ಚೇ ತಾನೆ? ಅವರು ಕನ್ನಡಕ ಏರಿಸಿ ನೋಡಿ, “ಬಣ್ಣ ಬಿಟ್ಟೈತಲ್ಲವ್ವಾ, ಎಲ್ಲಿಂದ ತರಿಸಿದಿ ದಾರ?” ಎಂದು ತುಂಬಿದ ಮನೆಯಲ್ಲಿ ಕೇಳಿದರು. ನಾನು ಏನೆಂದು ಹೇಳಲಿ?

ನೆನೆದ ಬಟ್ಟೆಯ ಫೋಟೋವನ್ನೂ ಮಾರಾಟಗಾರರಿಗೆ ಕಳುಹಿಸಿದೆ. “ಕೆಂಪು ಬಣ್ಣ ಒಗೀಬಾರದು ಮೇಡಂ, ಡ್ರೈಕ್ಲೀನ್ ಮಾಡಿಸಬೇಕಿತ್ತು” ಎಂಬ ಉತ್ತರ ಬಂತು. ಕ್ರಾಸ್ ಸ್ಟಿಚ್ ದಾರವನ್ನು ಡ್ರೈಕ್ಲೀನ್ ಮಾಡಿಸಬೇಕಂತೆ! ಅದಾದ ಮೇಲೆ ನನ್ನ ಸಂದೇಶಗಳು ಅವರಿಗೆ ತಲುಪುತ್ತಿಲ್ಲ, ಬ್ಲಾಕ್ ಮಾಡಿದ್ದಾರೆ.

ಅಗ್ಗದ ದಾರ ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಚಾರ್ಟಿನ ಸಂಖ್ಯೆಗಳನ್ನು ಆಂಕರ್ ಎಂಬ ಇನ್ನೊಂದು ಕಂಪನಿಯ ದಾರಕ್ಕೆ ಬದಲಿಸಿಕೊಂಡು ಹೊಲಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಾನೂ ಹೊಲಿದಿದ್ದೇನೆ. ಕಪ್ಪು 310ಕ್ಕೆ ಆಂಕರಿನ 403 ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಹೊಂದಿಕೆಯ ಕೋಷ್ಟಕಗಳು ಹತ್ತಿರದ ಬಣ್ಣವನ್ನಷ್ಟೇ ತೋರಿಸುತ್ತವೆ. ಕೆಲವು ಕೋಷ್ಟಕಗಳಲ್ಲಿ ಡಿಎಂಸಿಯ 498 ಮತ್ತು 816 ಎರಡಕ್ಕೂ ಆಂಕರಿನ 1005 ಒಂದನ್ನೇ ಕೊಟ್ಟಿರುತ್ತಾರೆ, ಚಾರ್ಟಿನಲ್ಲಿ ಅವೆರಡೂ ಅಕ್ಕಪಕ್ಕ ಬಂದರೆ ನೆರಳು ಬೆಳಕಿನ ಕಥೆ ಮುಗಿಯಿತು. ಹಾಗಿದ್ದರೂ ಆಂಕರ್ ಮಾರುವವರು ಆಂಕರ್ ಎಂದೇ ಹೇಳಿ ಮಾರುತ್ತಾರೆ. ನನ್ನ ಕೋಪವಿರುವುದು ಇನ್ನೊಬ್ಬರ ಸಂಖ್ಯೆಯನ್ನು ಹೆಸರಿಲ್ಲದ ದಾರಕ್ಕೆ ಅಂಟಿಸಿ, ಕೇಳಿದಾಗ ‘ಹೌದು’ ಎನ್ನುವವರ ಮೇಲೆ.

ಆದ್ದರಿಂದ ಒಂದು ಚಿತ್ರಕ್ಕೆ ಬೇಕಾಗುವ ಬಣ್ಣವನ್ನೆಲ್ಲ ಒಂದೇ ಸಲ, ಒಂದು ಲಡಿ ಹೆಚ್ಚಾಗಿಯೇ ತೆಗೆದುಕೊಳ್ಳಿ. ಕೆಂಪು, ಕಡುನೀಲಿಗಳ ಒಂದು ಎಳೆಯನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯಲ್ಲಿ ಒತ್ತಿ ನೋಡದೆ ಸೂಜಿ ಮುಟ್ಟಬೇಡಿ. ಬಣ್ಣಗಳನ್ನು ಹಗಲು ಬೆಳಕಿನಲ್ಲೇ ಹೋಲಿಸಿ. ಡಿಎಂಸಿ ಲಡಿಗೆ ಎರಡು ಕಾಗದದ ಪಟ್ಟಿಗಳಿರುತ್ತವೆ, ಒಂದರಲ್ಲಿ ಕಂಪನಿಯ ಹೆಸರು, ಇನ್ನೊಂದರಲ್ಲಿ ಬಣ್ಣದ ಸಂಖ್ಯೆ ಮತ್ತು ಬಾರ್‌ಕೋಡ್. ಎರಡೂ ಕಾಣುವ ಫೋಟೋ ಕೇಳಿ. ನನ್ನನ್ನು ವಂಚಿಸಿದವರು ಸ್ಟೇಟಸ್ಸಿನಲ್ಲಿ ಹಾಕುತ್ತಿದ್ದ ಚಿತ್ರಗಳಲ್ಲಿ ಸಂಖ್ಯೆಯಿರುವ ತುದಿ ಮಾತ್ರ ಕಾಣುತ್ತಿತ್ತು, ಇಂದಿಗೂ ಅವರು ಅದೇ ಚಿತ್ರಗಳನ್ನು ಹಾಕುತ್ತಿದ್ದಾರೆಂದು ಗೆಳತಿಯೊಬ್ಬಳು ತೋರಿಸಿದಳು.