ಮಂಡಿ ನೋವಿನವರಿಗೂ ಒಂದು ಬೆಟ್ಟ: ಗ್ರೇಟ್ ಅಲೆಗೇನಿ ಪ್ಯಾಸೇಜ್‌ನಲ್ಲಿ ನಾಲ್ಕು ದಿನ

ಘಾಟಿ ಅಂದರೆ ನನ್ನ ತಲೆಗೆ ಬರುವುದು ಶಿರಾಡಿ. ಟ್ಯಾಂಕರ್ ಲಾರಿ, ಬಸ್ಸು, ತಿರುವಿನಲ್ಲೇ ಓವರ್‌ಟೇಕು. ಅಲ್ಲಿ ಸೈಕಲ್ ಹೊಡೆಯುವವರನ್ನು ಕಂಡಾಗಲೆಲ್ಲ ‘ಇವರಿಗೆ ಮನೇಲಿ ಯಾರೂ ಹೇಳೋರಿಲ್ವಾ’ ಅಂದುಕೊಂಡವಳು ನಾನು. ಹಾಸನದಲ್ಲಿ ಕಾಲೇಜಿಗೆ ಹೋಗುವಾಗ ಸೈಕಲ್ ಹೊಡೆದದ್ದು, ಆಮೇಲೆ ಇಪ್ಪತ್ತು ವರ್ಷ ಮುಟ್ಟಿರಲಿಲ್ಲ. ಬಲ ಮಂಡಿ ಬೇರೆ ಆಗಾಗ ತಕರಾರು ಮಾಡುತ್ತದೆ. ಅಂಥವಳು ಹೋದ ಅಕ್ಟೋಬರ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಊರಿನಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ವರೆಗೆ 150 ಮೈಲಿ, ಅಂದರೆ ಹತ್ತಿರ ಹತ್ತಿರ 240 ಕಿಲೋಮೀಟರ್, ಬೆಟ್ಟ ಹತ್ತಿ ಇಳಿದು ಬಂದಿದ್ದೇನೆ. ಜೊತೆಗೆ ನಮ್ಮ ಯಜಮಾನರು. ನಾಲ್ಕು ದಿನ ಕಾಡಿನೊಳಗೆ ಹಿಂದಿನಿಂದ ಒಂದು ಹಾರ್ನ್ ಇಲ್ಲ.

ಗುಟ್ಟು ಏನಪ್ಪಾ ಅಂದರೆ, ಈ ಗ್ರೇಟ್ ಅಲೆಗೇನಿ ಪ್ಯಾಸೇಜ್ ಅನ್ನುವುದು ರಸ್ತೆಯಲ್ಲ, ಹಳೇ ರೈಲು ದಾರಿ. ಬೆಟ್ಟದ ಭಾಗದಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯವರು 1912ರ ಹೊತ್ತಿಗೆ ಹಳಿ ಹಾಕಿದ್ದರು, 1975ರಲ್ಲಿ ಅದು ನಿಂತುಹೋಯಿತು. ಆಮೇಲೆ ಹಳಿ ಕಿತ್ತು, ಸುಣ್ಣಕಲ್ಲಿನ ಪುಡಿ ಹಾಕಿ, ದಮ್ಮಸ್ಸು ಮಾಡಿ ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟಿದ್ದಾರೆ. ಓಹಾಯೋಪೈಲ್ ಹತ್ತಿರ ಮೊದಲ ತುಂಡು ತೆರೆದದ್ದು 1986ರಲ್ಲಿ, ಪಿಟ್ಸ್‌ಬರ್ಗ್ ಮುಟ್ಟಿದ್ದು 2013ರಲ್ಲಿ. ಟಿಕೆಟ್ಟಿಲ್ಲ, ಟೋಲಿಲ್ಲ. ರೈಲು ಕಡಿದಾದ ಏರು ಹತ್ತುವುದಿಲ್ಲ ಅಲ್ವಾ? ಹಾಗಾಗಿ ಈ ದಾರಿಯಲ್ಲಿ ಅತಿ ಜಾಸ್ತಿ ಏರು ಅಂದರೂ ನೂರು ಅಡಿಗೆ ಎರಡು ಅಡಿ ಇಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಘಾಟಿ 50ಕ್ಕೆ 1, ಅಂದರೆ ನೂರಕ್ಕೆ ಎರಡು. ಅದಕ್ಕಿಂತ ಇದು ಚೂರು ಮೆತ್ತಗೆ. (ಆ ಹಳಿ ಪಕ್ಕದಲ್ಲಿ ಸೈಕಲ್ಲಿಗೆ ಒಂದು ದಾರಿ ಇದ್ದಿದ್ದರೆ ನಾನು ಅಮೆರಿಕದ ಬೆಟ್ಟದ ಬಗ್ಗೆ ಇಷ್ಟು ಬರೆಯುತ್ತಲೇ ಇರಲಿಲ್ಲ.)

ಎರಡು ಕಡೆಯಿಂದಲೂ ಶುರು ಮಾಡಬಹುದು. ನಾವು ಪಿಟ್ಸ್‌ಬರ್ಗ್‌ನಲ್ಲಿ ಸೈಕಲ್ ಬಾಡಿಗೆಗೆ ತಗೊಂಡು, ಬೆಳಗಿನ ಜಾವದ ಆಮ್‌ಟ್ರಾಕ್ ರೈಲಿಗೆ ಹಾಕಿಕೊಂಡು ಕಂಬರ್‌ಲ್ಯಾಂಡ್‌ಗೆ ಹೋದೆವು. ಸೈಕಲ್ಲಿಗೂ ಮೊದಲೇ ಜಾಗ ಬುಕ್ ಮಾಡಬೇಕು, ಮರೆಯಬೇಡಿ. ಅಲ್ಲಿಂದ ಮೊದಲ 24 ಮೈಲಿ ಬರೀ ಏರು, ಸುಮಾರು 600 ಅಡಿಯಿಂದ 2,392 ಅಡಿಗೆ. ಆಮೇಲೆ ಪಿಟ್ಸ್‌ಬರ್ಗ್‌ವರೆಗೂ ಹೆಚ್ಚುಕಡಿಮೆ ಇಳಿಜಾರು. ಪಿಟ್ಸ್‌ಬರ್ಗ್ ಕಡೆಯಿಂದ ಬಂದರೆ ಏರು ಇನ್ನೂ ಸಣ್ಣದು, ಆದರೆ ಮೂರು ದಿನ ಎಳೆಯುತ್ತದೆ. ನನ್ನ ಮಟ್ಟಿಗೆ ಕಷ್ಟವನ್ನು ಒಂದೇ ದಿನದಲ್ಲಿ ಮುಗಿಸಿಬಿಡುವುದು ವಾಸಿ.

ಆ ಏರು ಹೇಗಿತ್ತು ಅಂತ ಹೇಳಬೇಕು, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಕಣ್ಣಿಗೆ ಏರು ಕಾಣುವುದೇ ಇಲ್ಲ. ದಾರಿ ಮಟ್ಟಸವಾಗಿದೆ ಅನಿಸುತ್ತದೆ, ಆದರೆ ತುಳಿಯುವುದು ನಿಲ್ಲಿಸಿದರೆ ಸೈಕಲ್ ಹತ್ತು ಮಾರು ಹೋಗಿ ನಿಂತುಬಿಡುತ್ತದೆ. ಮೊದಲ ಗಂಟೆ ನಾನು ಟೈರಿನಲ್ಲಿ ಗಾಳಿ ಇಲ್ಲವೇನೋ ಅಂತ ಎರಡು ಸಲ ಇಳಿದು ಒತ್ತಿ ನೋಡಿದೆ. ಫ್ರಾಸ್ಟ್‌ಬರ್ಗ್‌ವರೆಗೆ ಪಕ್ಕದಲ್ಲೇ ಪ್ರವಾಸಿಗರ ರೈಲಿನ ಹಳಿ ಇದೆ, ಬ್ರಷ್ ಸುರಂಗದಲ್ಲಂತೂ ಹಳಿಯೂ ನಾವೂ ಒಟ್ಟಿಗೇ ನುಗ್ಗಬೇಕು. ಫ್ರಾಸ್ಟ್‌ಬರ್ಗ್ ಊರು ಇರುವುದು ದಾರಿಗಿಂತ ಮೇಲೆ, ಅಲ್ಲಿಗೆ ಹಾವಿನ ಹಾಗೆ ಸುತ್ತಿ ಹತ್ತಬೇಕು, ಅದು ಮಾತ್ರ ರೈಲಿನ ಏರಲ್ಲ. ಇಳಿದು ತಳ್ಳಿದೆವು. ಊಟ ಬೇಕು ಅಂದರೆ ತಳ್ಳಲೇಬೇಕು.

ಮೇಸನ್–ಡಿಕ್ಸನ್ ಗಡಿಗೆರೆ ದಾಟಿ ಪೆನ್ಸಿಲ್ವೇನಿಯಾ ಒಳಗೆ ಬಂದ ಸ್ವಲ್ಪ ಹೊತ್ತಿಗೆ ಬಲಗಡೆ ಕಾಡು ದಿಢೀರ್ ಅಂತ ಬಿಟ್ಟುಕೊಟ್ಟು ಇಡೀ ಕಣಿವೆ ಕಾಣುತ್ತದೆ. ಮೇಪಲ್, ಓಕ್ ಎಲ್ಲ ಕುಂಕುಮ, ಅರಿಶಿನ. ಅದರ ಬೆನ್ನಿಗೇ ಬಿಗ್ ಸ್ಯಾವೇಜ್ ಸುರಂಗ, ಸುಮಾರು ಒಂದು ಕಿಲೋಮೀಟರ್ ಉದ್ದ. ಒಳಗೆ ದೀಪ ಹಾಕಿದ್ದಾರೆ, ಆದರೂ ನಮ್ಮದೊಂದು ದೀಪ ಇರಲಿ. ಬೆವರಿನಲ್ಲಿ ಒದ್ದೆಯಾದ ಬೆನ್ನಿಗೆ ಒಳಗಿನ ಗಾಳಿ ತಾಗಿದಾಗ ಬಾವಿಗೆ ಇಳಿದ ಹಾಗಾಯಿತು. ತೊಟ್ಟಿಕ್ಕುವ ನೀರಿನ ಸದ್ದು, ಕಲ್ಲುಪುಡಿ ನಿಂತು ಟೈರಿನ ಬೇರೆಯದೇ ಸದ್ದು, ಆ ಕಡೆ ಬಾಯಿ ನಾಲ್ಕಾಣೆಯಷ್ಟು ಬೆಳಕು. ಚಳಿಗಾಲದಲ್ಲಿ ಈ ಸುರಂಗಕ್ಕೆ ಬಾಗಿಲು ಹಾಕಿಬಿಡುತ್ತಾರೆ, ನೀರು ಹೆಪ್ಪುಗಟ್ಟಿ ಗೋಡೆ ಹಾಳಾಗಬಾರದು ಅಂತ. ಡಿಸೆಂಬರ್‌ನಿಂದ ಏಪ್ರಿಲ್ ಶುರುವಿನವರೆಗೆ ಹೋಗುವ ಯೋಚನೆ ಇದ್ದರೆ ಬಿಡಿ.

ಅಲ್ಲಿಂದ ಎರಡು ಮೈಲಿಗೆ ತುತ್ತತುದಿ. ಒಂದು ಚಿಕ್ಕ ಸೇತುವೆಯ ಕೆಳಗೆ ಗೋಡೆ ಮೇಲೆ ಚಿತ್ರ ಬರೆದಿದ್ದಾರೆ. ಇಲ್ಲಿ ಬಿದ್ದ ಮಳೆ ಒಂದು ಕಡೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಓಹಾಯೋ, ಮಿಸಿಸಿಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ. ಬಿಸಿಲೆ ಹತ್ತಿರ ಮಂಕನಹಳ್ಳಿಯಲ್ಲಿ ಹೀಗೇ ಒಂದು ಕಲ್ಲಿದೆ, ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಅಂತ ಕೊರೆದದ್ದು. ಯಜಮಾನರು ಬಾಟಲಿಯಲ್ಲಿದ್ದ ನೀರನ್ನು ಎರಡೂ ಕಡೆ ಚೆಲ್ಲಿ ಫೋಟೋ ತೆಗೆಸಿಕೊಂಡರು. ಕುಡಿಯುವ ನೀರು ಅಷ್ಟೇ ಉಳಿದಿತ್ತು. ಅದರ ಮಾತು ಬೇರೆ.

ಎರಡನೇ ದಿನ, ಮೇಯರ್ಸ್‌ಡೇಲ್‌ನಿಂದ ಓಹಾಯೋಪೈಲ್‌ಗೆ 40 ಮೈಲಿ, ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟವಾದದ್ದು. ಮೇಯರ್ಸ್‌ಡೇಲ್ ಬಿಟ್ಟ ಕೂಡಲೇ ಸಾಲಿಸ್‌ಬರಿ ಸೇತುವೆ, 1,908 ಅಡಿ ಉದ್ದ, ನೂರು ಅಡಿ ಎತ್ತರ. ಕೆಳಗೆ ಕ್ಯಾಸಲ್‌ಮನ್ ನದಿ, ಹೆದ್ದಾರಿ, ರೈಲು ಹಳಿ. ಅಷ್ಟು ದೊಡ್ಡ ಲಾರಿಗಳು ಬೆಂಕಿಪೊಟ್ಟಣದ ಹಾಗೆ ಕಾಲಡಿ ಓಡುವುದನ್ನು ನೋಡುತ್ತಾ ಹುರಿಗಾಳು ತಿಂದೆವು. ಮುಂದೆ ಕಾಡು, ನದಿ, ಪಿಂಕರ್ಟನ್ ಸುರಂಗ, ಮತ್ತೆ ಕಾಡು. ಜಿಂಕೆ ಎಷ್ಟೋ, ಒಂದು ಹಿಂಡು ಕಾಡು ಟರ್ಕಿ ಕೋಳಿ. ಮೂರು ನೀರು ಸೇರುವ ಊರಿನ ಹೆಸರೇ ಕನ್‌ಫ್ಲುಯೆನ್ಸ್, ಅಂದರೆ ಸಂಗಮ. ಇಲ್ಲೆಲ್ಲ ನಮ್ಮ ಫೋನಿಗೆ ಗಂಟೆಗಟ್ಟಲೆ ಸಿಗ್ನಲ್ ಇರಲಿಲ್ಲ. ನಕ್ಷೆ ಇಳಿಸಿಕೊಂಡು ಹೋಗಿ.

ಗಾಡಿ ಇಲ್ಲ ಅಂದ ಮಾತ್ರಕ್ಕೆ ಸದ್ದಿಲ್ಲ ಅಂದುಕೊಳ್ಳಬೇಡಿ. ನದಿಯ ಆಚೆ ದಡದಲ್ಲಿ ಗೂಡ್ಸ್ ರೈಲು ಇವತ್ತಿಗೂ ಓಡುತ್ತದೆ, ರಾತ್ರಿ ಪೂರ್ತಿ. ಮೇಯರ್ಸ್‌ಡೇಲ್‌ನಲ್ಲಿ ನಾನು ಎಣಿಸುತ್ತಾ ಮಲಗಿದ್ದೆ, ಆರು ಆದ ಮೇಲೆ ಬಿಟ್ಟೆ. ಇಯರ್‌ಪ್ಲಗ್ ಒಯ್ಯಿರಿ.

ಮೂರನೇ ದಿನಕ್ಕೆ ಮಾರ್ಕು ಕಡಿಮೆ. ಓಹಾಯೋಪೈಲ್‌ನ ಜಲಪಾತ, ಎತ್ತರದ ಸೇತುವೆ ಎಲ್ಲ ಸರಿ. ಅದು ಮುಗಿದ ಮೇಲೆ ವೆಸ್ಟ್ ನ್ಯೂಟನ್‌ವರೆಗೆ ಎಡಕ್ಕೂ ಮರ, ಬಲಕ್ಕೂ ಮರ, ತಿರುವೂ ಇಲ್ಲ. ಮೈಲಿಗೊಂದು ಕಲ್ಲು ಇದೆ, ಅದನ್ನೇ ಕಾಯುವ ಹಾಗಾಗುತ್ತದೆ. ನಮಗೆ ಸಾಲದ್ದಕ್ಕೆ ಮಳೆ. ಪಕ್ಕದ ನದಿಯ ಹೆಸರು ಯಾಕಗೇನಿ, ಅಲ್ಲಿಯವರು ಸುಮ್ನೆ ‘ಯಾಕ್’ ಅನ್ನುತ್ತಾರೆ. ಮಧ್ಯಾಹ್ನ ಎರಡಕ್ಕೆ ಮರದಡಿ ನಡುಗುತ್ತಾ ನಿಂತು ನಾನು ಕೇಳಿದ್ದೂ ಅದನ್ನೇ: “ಯಾಕ್ ರೀ ಬಂದ್ವಿ?” “ನೀನೇ ಅಲ್ವೇನೇ ಬೆಟ್ಟ ಮುಗೀತು ಅಂತ ಕುಣಿದದ್ದು” ಅಂದರು. ಒದ್ದೆಯಾದರೂ ಸುಣ್ಣಕಲ್ಲಿನ ಪುಡಿ ಕೆಸರಾಗಿ ಹೂತುಕೊಳ್ಳುವುದಿಲ್ಲ, ಅದು ದೊಡ್ಡದು. ಆದರೆ ಬೂದಿಬಣ್ಣದ ಸಾರಿನ ಹಾಗೆ ಎರಚುತ್ತದೆ. ಒಣಗಿದ ಮೇಲೆ ಇಬ್ಬರ ಬೆನ್ನಿಗೂ ವಿಭೂತಿ ಪಟ್ಟೆ. ಚೈನು ಕರಕರ. ಮಡ್‌ಗಾರ್ಡ್ ಇಲ್ಲದ ಸೈಕಲ್ ತಗೊಳ್ಳಬೇಡಿ.

ಊಟ. ಸಸ್ಯಾಹಾರಿಗಳಿಗೆ ಚೀಸ್ ಪಿಜ್ಜಾ, ಚೀಸ್ ಸ್ಯಾಂಡ್‌ವಿಚ್, ಆಲೂಗಡ್ಡೆ ಫ್ರೈಸ್, ಮತ್ತೆ ಮೊದಲಿನಿಂದ. ಸೋಮವಾರ, ಮಂಗಳವಾರ ಬಾಗಿಲು ಹಾಕಿದ ಹೋಟೆಲುಗಳೇ ಜಾಸ್ತಿ ಸಿಕ್ಕವು. ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡು ಹೋದದ್ದು ನಮ್ಮ ಪುಣ್ಯ. ಆ ಫ್ರೈಸಿಗೆ ಚಟ್ನಿಪುಡಿ ಉದುರಿಸಿ ನೋಡಿ.

ಕೊನೇ ದಿನದ ಬಗ್ಗೆ ‘ಊರು ಬಂತು, ಬರೀ ಕಾರ್ಖಾನೆ’ ಅಂತ ಹೆದರಿಸಿದ್ದರು. ನನಗೆ ಅದು ಬೇಸರವಾಗಲಿಲ್ಲ. ಹಳೇ ಗಣಿಯ ನೀರು ಬಸಿದು ಬಂಡೆಯೆಲ್ಲ ಇಟ್ಟಿಗೆ ಕೆಂಪಾದ ಒಂದು ಪುಟ್ಟ ಜಲಪಾತ, ಹೋಮ್‌ಸ್ಟೆಡ್‌ನಲ್ಲಿ ಉಕ್ಕಿನ ಕಾರ್ಖಾನೆ ಹೋಗಿ ಅದರ 12 ಚಿಮಣಿ ಮಾತ್ರ ಶಾಪಿಂಗ್ ಜಾಗದ ಪಕ್ಕ ನಿಂತಿರುವುದು, ಕರಗಿದ ಕಬ್ಬಿಣ ಸಾಗಿಸುತ್ತಿದ್ದ ಹಾಟ್ ಮೆಟಲ್ ಸೇತುವೆಯ ಮೇಲೆ ನಾವೇ ಸೈಕಲ್ ಹೊಡೆಯುವುದು, ಇವೆಲ್ಲ ನೋಡಿದ ಮೇಲೆ ಆ ರೈಲು ಅಷ್ಟು ಕಷ್ಟಪಟ್ಟು ಬೆಟ್ಟ ಯಾಕೆ ಹತ್ತಿತ್ತು ಅಂತ ಅರ್ಥವಾಗುತ್ತದೆ. ಎರಡು ನದಿ ಸೇರಿ ಓಹಾಯೋ ಆಗುವ ತುದಿಯಲ್ಲಿ ದಾರಿ ಮುಗಿಯುತ್ತದೆ.

ಇನ್ನು ಸೈಕಲ್ ಕೊಟ್ಟ ಅಂಗಡಿ. ಹೆಸರು ಬೇಡ. ನನ್ನ ಎತ್ತರ ಬರೆದುಕೊಟ್ಟಿದ್ದರೂ ದೊಡ್ಡ ಫ್ರೇಮಿನದು ಇಟ್ಟಿದ್ದರು, ಬೆಳಿಗ್ಗೆ ರೈಲಿಗೆ ಹೊತ್ತಾಗುತ್ತದೆ ಅಂತ ಸುಮ್ಮನೆ ತಗೊಂಡದ್ದು ನನ್ನ ತಪ್ಪು. ಸೀಟು ಕಲ್ಲು. ಬ್ಯಾಗ್ ಸಿಕ್ಕಿಸುವ ಕೊಕ್ಕೆ ಮೊದಲ ದಿನವೇ ಮೂರು ಸಲ ಕಳಚಿತು, ಕೊನೆಗೆ ಯಜಮಾನರ ಪ್ಯಾಂಟಿನ ಲಾಡಿ ಎಳೆದು ಕಟ್ಟಿದೆವು. ಲಾಡಿ ಪಿಟ್ಸ್‌ಬರ್ಗ್‌ವರೆಗೂ ತಡೆಯಿತು, ಪ್ಯಾಂಟಿನ ಕಥೆ ಕೇಳಬೇಡಿ. ವಾಪಸ್ ಕೊಡುವಾಗ ಕೊಕ್ಕೆ ತೋರಿಸಿದರೆ ಆ ಹುಡುಗ ‘ಓ’ ಅಂದ, ಅಷ್ಟೇ. ಆಮೇಲೆ ತೊಳೆಯುವ ಚಾರ್ಜು ಅಂತ 25 ಡಾಲರ್ ಸೇರಿಸಿದ. ಹಿಂದಿನ ದಿನವೇ ಹೋಗಿ ಸೈಕಲ್ ಹತ್ತಿ ಕೂತು, ಬ್ಯಾಗ್ ಸಿಕ್ಕಿಸಿ, ಒಂದು ಸುತ್ತು ಹೊಡೆದು ನೋಡಿಯೇ ತಗೊಳ್ಳಿ.

ದಾರಿಗೆ ಐದಕ್ಕೆ ನಾಲ್ಕೂವರೆ, ಅಂಗಡಿಗೆ ಒಂದು. ಕಂಬರ್‌ಲ್ಯಾಂಡ್‌ನಿಂದ ಇನ್ನೊಂದು ಕಡೆಗೆ ಹಳೇ ಕಾಲುವೆಯ ದಂಡೆ ಹಿಡಿದು ವಾಷಿಂಗ್ಟನ್‌ಗೆ 184.5 ಮೈಲಿ ಇದೆಯಂತೆ, ಅದು ಮಣ್ಣು ದಾರಿ. ಯಜಮಾನರು ಆಗಲೇ ನಕ್ಷೆ ಬಿಚ್ಚಿದ್ದಾರೆ. ನಾನು ಸೀಟು ನೋಡುತ್ತಿದ್ದೇನೆ.