ಅಟ್ಟದ ಪ್ಲಾಸ್ಟಿಕ್ ಮರಕ್ಕೆ ವಿದಾಯ

ಪ್ರತಿ ಡಿಸೆಂಬರ್‌ನಲ್ಲಿ ಅಟ್ಟದಿಂದ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ ಇಳಿಸಿ ಧೂಳು ಕೊಡವಿ ಸಾಕಾಗಿತ್ತು. ಈ ಸಲ ಗೋಪುರದಂತೆ ಸುತ್ತು ಸುತ್ತಾಗಿ ಟೊಂಗೆ ಬಿಡುವ ಜೀವಂತ ಅರೌಕೇರಿಯಾ ಗಿಡವೇ ಬೇಕೆಂದು ಹಟ ಹಿಡಿದೆ. ಹುಬ್ಬಳ್ಳಿಯ ನರ್ಸರಿಯೊಂದರಲ್ಲಿ ‘ಕ್ರಿಸ್‌ಮಸ್ ಗಿಡ’ ಎಂದು ಥೂಜಾ ತೋರಿಸಿದರು. ಬೀಸಣಿಗೆಯಂಥ ಅದರ ಎಲೆಗಳ ನಡುವೆ ನಕ್ಷತ್ರ ಎಲ್ಲಿ ತೂಗುಹಾಕಲಿ?

ಕೊನೆಗೆ ಸಿಕ್ಕಿದ್ದು ಧಾರವಾಡದ ಅಂಚಿನ ಸಣ್ಣ ನರ್ಸರಿಯಲ್ಲಿ: ಮೂರಡಿ ಎತ್ತರ, ಐದು ಸುತ್ತು ಟೊಂಗೆ, 650 ರೂಪಾಯಿ. ಚೌಕಾಸಿಗೆ ಬಗ್ಗಲಿಲ್ಲ. ತುದಿ ಮುರಿಯದಂತೆ ನೋಡಿಕೊಳ್ಳಿ ಎಂದು ಅಲ್ಲಿನ ಅಜ್ಜ ಮೂರು ಸಲ ಹೇಳಿದರು. ನಿಜವೇ, ತುದಿ ಹೋದರೆ ಆ ಗೋಪುರದ ಅಂದ ಕೆಡುತ್ತದೆ. ಪಕ್ಕದ ಟೊಂಗೆ ನೆಟ್ಟರೂ ಅದು ಅಡ್ಡಡ್ಡವೇ ಬೆಳೆಯುತ್ತದೆ. ಚೀಟಿಯಲ್ಲಿ ‘ನಾರ್ಫೋಕ್ ಪೈನ್’ ಎಂದಿತ್ತು. ಇದು ಪೈನ್ ಕುಲದ್ದೇ ಅಲ್ಲ, ಶಾಂತಸಾಗರದ ನಾರ್ಫೋಕ್ ದ್ವೀಪದ್ದು. ಅದೇ ಹೆಸರಿನಲ್ಲಿ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕುಕ್ ಪೈನ್ ಎಂಬ ಇನ್ನೊಂದು ಅರೌಕೇರಿಯಾ ಮಾರುವುದೂ ಉಂಟು. ಸಸಿಯಲ್ಲಿ ಗುರುತಿಸುವುದು ಕಷ್ಟ.

ದೂರು ಒಂದೇ: ಬುಡಕ್ಕೆ ತುಂಬಿದ್ದು ಅಂಟು ಎರೆಮಣ್ಣು. ನೀರು ನಿಂತರೆ ಬೇರು ಕೊಳೆಯುತ್ತದೆ. ಮನೆಗೆ ತಂದ ಸಂಜೆಯೇ ಕೆಂಪು ಮಣ್ಣು, ಮರಳು ಬೆರೆಸಿ ದೊಡ್ಡ ಕುಂಡಕ್ಕೆ ಬದಲಿಸಿದೆ. ಮೆದು ಟೊಂಗೆಗಳು ಗಾಜಿನ ಗುಂಡುಗಳ ಭಾರಕ್ಕೆ ಬಾಗಿದ್ದರಿಂದ ಈಗ ಕಾಗದದ ನಕ್ಷತ್ರಗಳಷ್ಟೇ ತೂಗುತ್ತಿವೆ.