ಇದ್ದಿಲೋ, ಸೂಡೊಮೊನಾಸೋ? ಟೊಮೆಟೊ ಸೊರಗಿಗೆ ನಾನು ಮಾಡಿ ನೋಡಿದ್ದು

ಬೆಳಿಗ್ಗೆ ಹಸಿರಾಗಿ ನಿಂತಿದ್ದ ಟೊಮೆಟೊ ಗಿಡ ಮಧ್ಯಾಹ್ನಕ್ಕೆ ಬಿಸಿನೀರು ಎರಚಿದಂತೆ ಜೋತುಬಿದ್ದರೆ ನಾನು ಗಾಜಿನ ಲೋಟ ಹುಡುಕುತ್ತೇನೆ. ಬುಡದ ಕಾಂಡ ಕತ್ತರಿಸಿ ತಿಳಿನೀರಿಗೆ ತಾಗಿಸಿ ಹಿಡಿದರೆ, ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿಯುತ್ತದೆ. ಸೊರಗು ರೋಗ ತರುವ ರಾಲ್‌ಸ್ಟೋನಿಯಾ ಎಂಬ ದುಂಡಾಣು ಅದು. ಬೇರಿನಿಂದ ಹೊಕ್ಕು ನೀರೇರುವ ಕೊಳವೆಗಳಲ್ಲೇ ತುಂಬಿಕೊಳ್ಳುವುದರಿಂದ ಎಲೆಗೆ ಸಿಂಪಡಿಸಿ ಪ್ರಯೋಜನವಿಲ್ಲ. ಕಾವಲು ಬೇರಿನ ಬಳಿಯೇ ಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಿನಲ್ಲಿ ನಾಲ್ಕು ಮಡಿ ಮಾಡಿ ತಲಾ 12 ಸಸಿ ನೆಟ್ಟೆ. ಎಲ್ಲಕ್ಕೂ ಒಂದೇ ಕೊಟ್ಟಿಗೆ ಗೊಬ್ಬರ. ಒಂದಕ್ಕೆ ಅದರ ಮೇಲೆ ಇದ್ದಿಲು, ಒಂದಕ್ಕೆ ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ, ಒಂದಕ್ಕೆ ಎರಡೂ. ನಾಲ್ಕನೆಯದಕ್ಕೆ ಏನೂ ಇಲ್ಲ.

ಇದ್ದಿಲು ಮನೆಯದೇ. ತಳ ಕಿರಿದಾದ ಗುಂಡಿಯಲ್ಲಿ ತೆಂಗಿನ ಚಿಪ್ಪಿಗೆ ಬೆಂಕಿ ಹಚ್ಚಿ, ಮೇಲ್ಪದರದಲ್ಲಿ ಬಿಳಿ ಬೂದಿ ಕಾಣಿಸತೊಡಗಿದಾಗಲೆಲ್ಲ ಇನ್ನೊಂದು ಪದರ ಹಾಕುವುದು, ಗುಂಡಿ ತುಂಬಿದ ಮೇಲೆ ನೀರು ಸುರಿದು ಆರಿಸುವುದು. ತಡಮಾಡಿದರೆ ಇದ್ದಿಲು ಹೋಗಿ ಬೂದಿ ಉಳಿಯುತ್ತದೆ. ಕುಟ್ಟಿ ಪುಡಿ ಮಾಡುವಾಗ ಮೈಯೆಲ್ಲ ಕಪ್ಪು. ಅಮ್ಮ ಕೇಳಿದರು: “ಏನಪ್ಪ, ಮಣ್ಣಿನ ಮುಖಕ್ಕೂ ಮಸಿ ಬಳಿಯುತ್ತೀಯಾ?”

ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಗೆ ಆರು ಕಿಲೊ ಹಾಕಿದೆ, ಅಂದರೆ ಮೇಲ್ಮಣ್ಣಿನ ತೂಕದ ಸುಮಾರು ಶೇ 1. ಹೆಚ್ಚು ಸುರಿದರೆ ಹೆಚ್ಚು ಲಾಭ ಎಂಬುದು ಇಲ್ಲಿ ನಡೆಯುವುದಿಲ್ಲ. ಅತಿಯಾದರೆ ರೋಗ ಹೆಚ್ಚಿದ ಪ್ರಯೋಗಗಳೂ ಇವೆ.

ಬರಿ ಇದ್ದಿಲಿನ ಮಡಿ ನನಗೆ ಪಾಠ ಕಲಿಸಿತು. ಒಣ ಪುಡಿಯನ್ನು ಹಾಗೆಯೇ ಬೆರೆಸಿದ್ದೆ. ಹಸಿದ ಇದ್ದಿಲು ಮಣ್ಣಿನ ಸಾರಜನಕವನ್ನು ತಾನೇ ಹೀರಿಕೊಂಡಿತು. ಸಸಿಗಳು ತಿಂಗಳಿಡೀ ಹಳದಿ. ಏನೂ ಹಾಕದ ಮಡಿಯಲ್ಲಿ ಏಳು ಗಿಡ ಸತ್ತರೆ ಇಲ್ಲಿ ಆರು. ಇಷ್ಟಕ್ಕೆ ಅಷ್ಟು ಮಸಿಯೇ?

ಸೂಡೊಮೊನಾಸ್ ಮಡಿಯಲ್ಲಿ ಸತ್ತದ್ದು ನಾಲ್ಕು. ಈ ಬ್ಯಾಕ್ಟೀರಿಯಾ ಬೇರಿನ ಸುತ್ತಲಿನ ಕಬ್ಬಿಣವನ್ನು ಹಿಡಿದಿಟ್ಟು ಶತ್ರುವಿಗೆ ಸಿಗದಂತೆ ಮಾಡುತ್ತದೆ, ಗಿಡದ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ. ಆದರೆ ಜೀವ ಇದ್ದರೆ ತಾನೆ! ನನಗೆ ಮೊದಲು ಸಿಕ್ಕ ಪೊಟ್ಟಣ ಬಿಸಿಲು ಬೀಳುವ ಕಪಾಟಿನಲ್ಲಿದ್ದದ್ದು, ಅವಧಿಯೂ ಮುಗಿದಿತ್ತು. ತಾರೀಕು ನೋಡದೆ ತಂದ ತಪ್ಪು ನನ್ನದೂ ಹೌದು. ಬೇರೆ ಪೊಟ್ಟಣ ತಂದು, 15 ದಿನಕ್ಕೊಮ್ಮೆಯಂತೆ ಮೂರು ಸಲ ಬುಡಕ್ಕೆ ಹೊಯ್ದೆ. ಇದರ ಜೊತೆ ತಾಮ್ರದ ಔಷಧಿ ಬೆರೆಸಬಾರದು.

ಎರಡೂ ಸೇರಿದ ಮಡಿಗೆ ಇದ್ದಿಲನ್ನು ಸಗಣಿ ರಾಡಿ ಮತ್ತು ಗಂಜಲದಲ್ಲಿ ಎರಡು ವಾರ ನೆನೆಸಿ, ನೆಡುವ ಮೂರು ದಿನ ಮೊದಲು ಸೂಡೊಮೊನಾಸ್ ಕಲಸಿದ್ದೆ, ಒಂದೇ ಸಲ. ಸತ್ತದ್ದು ಎರಡೇ ಗಿಡ. ಊರಿಗೆಲ್ಲ ಹೇಳಿಕೊಂಡು ಬಂದ ಮೇಲೆ ಹೊಳೆಯಿತು: ಆ ಮಡಿ ಎತ್ತರದಲ್ಲಿತ್ತು, ಮಳೆನೀರು ನಿಲ್ಲುತ್ತಿರಲಿಲ್ಲ.

ಮರುವರ್ಷ ಹೊಸ ಮಣ್ಣಿನಲ್ಲಿ ಜಾಗ ಅದಲುಬದಲು ಮಾಡಿದೆ. ಮಿಶ್ರಣ ಕೆಳಗಿನ ಮಡಿಗೆ, ಬರಿ ಸೂಡೊಮೊನಾಸ್ ಮೇಲಿನದಕ್ಕೆ. ಎರಡರಲ್ಲೂ ಮೂರು ಮೂರು ಸತ್ತವು. ಮೊದಲ ವರ್ಷದ ಅಂತರದ ಒಂದು ಪಾಲು ನೀರು ಬಸಿದುಹೋದದ್ದರಿಂದ ಎಂದಾಯಿತು. ಹಾಗಿದ್ದರೂ ಕೆಳಗಿನ ಜೌಗಿನಲ್ಲಿ, ಒಂದೇ ಸಲದ ಮಿಶ್ರಣ ಮೂರು ಸಲ ಹೊಯ್ದದ್ದಕ್ಕೆ ಸರಿಸಾಟಿಯಾಗಿ ನಿಂತಿತು. ನನ್ನ ಅಂದಾಜಿನಲ್ಲಿ ಇದ್ದಿಲು ಔಷಧಿಯಲ್ಲ, ಬ್ಯಾಕ್ಟೀರಿಯಾಕ್ಕೆ ಸೂರು.

ಹಿತ್ತಲು, ಕುಂಡಗಳಿಗೆ ನಾನು ಮಿಶ್ರಣವನ್ನೇ ಆರಿಸುತ್ತೇನೆ. ಎಕರೆಗಟ್ಟಲೆ ಬೆಳೆಯುವವರಿಗೆ ಇದ್ದಿಲು ಕುಟ್ಟಿ ಎಂದು ಹೇಳುವ ಧೈರ್ಯ ನನಗಿಲ್ಲ. ಸೂಡೊಮೊನಾಸನ್ನು ಗೊಬ್ಬರದಲ್ಲಿ ಬೆಳೆಸಿ ಹಾಕುವುದು ಸುಲಭ. ಇದ್ದಿಲು ಕ್ಷಾರೀಯ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಅದು ಒಗ್ಗಿತು, ಬಯಲುಸೀಮೆಯ ಸವಳು ಮಣ್ಣಿಗೆ ಬೇಡ.

ಈ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯನ್ನು ಆ ಕೆಳಗಿನ ಮಡಿಯಲ್ಲೇ ನೆಡುತ್ತೇನೆ. ಸೊರಗು ತಡೆಯುವ ಗುಣ ಅದಕ್ಕಿದೆ. ಬಸಿಗಾಲುವೆಯನ್ನು ಒಂದು ಗೇಣು ಆಳ ಮಾಡಿಯಾಗಿದೆ.